ತೋಟದ ಗಾಡಿ: ಪೆಟ್ರೋಲೇ, ಬ್ಯಾಟರಿಯೇ?

ಗೊಬ್ಬರದ ಚೀಟಿಗೋ ಮೈಲುತುತ್ತದ ದರ ವಿಚಾರಿಸುವುದಕ್ಕೋ ಸಂಘದ ಕಚೇರಿಗೆ ಬರುವ ಸದಸ್ಯರು ಈಚೆಗೆ ಒಂದು ಹೊಸ ಪ್ರಶ್ನೆಯನ್ನು ಕೇಳತೊಡಗಿದ್ದಾರೆ. ಗಾಲ್ಫ್ ಮೈದಾನಗಳಲ್ಲಿ ಓಡಾಡುವ ಆ ನಾಲ್ಕು ಚಕ್ರದ ಪುಟ್ಟ ಗಾಡಿಯ ಹಿಂಬದಿಯ ಸೀಟು ತೆಗೆದು, ಸಾಮಾನು ಹೇರುವ ತೊಟ್ಟಿ ಕೂರಿಸಿ ತೋಟದೊಳಗೆ ಓಡಿಸಬಹುದಂತೆ. ಅದರಲ್ಲಿ ಪೆಟ್ರೋಲಿನದೂ ಇದೆ, ಬ್ಯಾಟರಿಯದೂ ಇದೆ. ಯಾವುದನ್ನು ತೆಗೆದುಕೊಳ್ಳಬೇಕು, ಸಂಘ ಅದಕ್ಕೆ ಸಾಲ ಕೊಡುತ್ತದೆಯೇ, ಎಂಬುದೇ ಆ ಪ್ರಶ್ನೆ. ಹಿಂದಿನ ಆಡಳಿತ ಮಂಡಳಿ ಸಭೆಯಲ್ಲಿಯೂ ಈ ವಿಚಾರ ಬಂತು. ಚರ್ಚೆ ಕಾವೇರಿ ಎರಡು ಪಂಗಡಗಳಾದವೇ ಹೊರತು ತೀರ್ಮಾನವಾಗಲಿಲ್ಲ. ಆದುದರಿಂದ ನಮ್ಮ ಅಭಿಪ್ರಾಯವನ್ನು ಪತ್ರಿಕೆಯ ಮೂಲಕ ಸದಸ್ಯರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ. ಇದು ಮಂಡಳಿಯ ನಿರ್ಣಯವಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ.

ಗಾಲ್ಫ್ ಗಾಡಿ ಎಂದೊಡನೆ ಕೆಲವರು ನಗುತ್ತಾರೆ. ಕ್ಲಬ್ಬಿನ ದೊರೆಗಳ ಷೋಕಿ ನಮಗೇಕೆ ಎನ್ನುತ್ತಾರೆ. ಆದರೆ ಈ ಗಾಡಿಯ ಮೂಲ ಷೋಕಿಯಲ್ಲ. ಅಮೆರಿಕದಲ್ಲಿ ಮೊದಮೊದಲು ಇದನ್ನು ಬಳಸಿದವರು ನಡೆಯಲಾರದ ವೃದ್ಧರು, ಕಾಲಿಲ್ಲದವರು. 1950ರ ದಶಕದಲ್ಲಿ ಅಲ್ಲಿ ಇದರ ತಯಾರಿಕೆ ಬೆಳೆದಾಗ ಬಹುಪಾಲು ಗಾಡಿಗಳು ಬ್ಯಾಟರಿಯವೇ ಆಗಿದ್ದವು. ಮೋಟಾರ್ ಸೈಕಲ್ಲಿಗೆ ಹೆಸರಾದ ಹಾರ್ಲೆ ಡೇವಿಡ್‌ಸನ್ ಕಂಪನಿ ಕೂಡ 1963ರಿಂದ ಕೆಲವು ವರ್ಷ ಇಂಥ ಗಾಡಿಗಳನ್ನು ಮಾಡಿ ಮಾರಿದ್ದುಂಟು. ನಮ್ಮಲ್ಲಿ ಮೈಸೂರಿನ ಮೃಗಾಲಯಕ್ಕೆ ಹೋದವರು, ಹಂಪೆಯಲ್ಲಿ ವಿಠ್ಠಲ ದೇವಾಲಯದ ದಾರಿಯಲ್ಲಿ ಸಾಗಿದವರು ಬ್ಯಾಟರಿ ಗಾಡಿಯಲ್ಲಿ ಕುಳಿತೇ ಇರುತ್ತಾರೆ. ಹಂಪೆಯಲ್ಲಿ ಹೆಣ್ಣುಮಕ್ಕಳು ಅದನ್ನು ಸಲೀಸಾಗಿ ಓಡಿಸಿದ್ದನ್ನೂ ಅನೇಕರು ನೋಡಿರಬಹುದು.

ನಮ್ಮ ತೋಟಗಳ ಇಂದಿನ ಪರಿಸ್ಥಿತಿಯನ್ನು ನೋಡಿದರೆ ಈ ಪ್ರಶ್ನೆ ನಗುವಂಥದಲ್ಲ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ತೋಟ ನೋಡಿಕೊಳ್ಳುತ್ತಿರುವವರು ಅರವತ್ತು, ಎಪ್ಪತ್ತು ದಾಟಿದವರು. ಮಂಡಿನೋವಿನಿಂದ ಕೆಳಗಿನ ಬ್ಲಾಕಿಗೆ ಇಳಿದು ವರ್ಷವಾಯಿತು ಎನ್ನುವ ಸದಸ್ಯರು ನಮ್ಮಲ್ಲಿ ಇದ್ದಾರೆ. ಹಣ್ಣಿನ ಮೂಟೆ ಹೊತ್ತು ದರೆ ಹತ್ತುವ ಆಳು ಸಿಗುವುದಿಲ್ಲ. ಸಿಕ್ಕರೂ ಐವತ್ತು ಕಿಲೋ ತಲೆಯ ಮೇಲೆ ಹೊರಿಸುವುದು ನ್ಯಾಯವೆಂದು ನಮಗೆ ತೋರುವುದಿಲ್ಲ. ಜೀಪಿದೆಯಲ್ಲ ಎನ್ನಬಹುದು. ಜೀಪು ಹೋಗುವಷ್ಟು ಅಗಲದ ರಸ್ತೆಯನ್ನು ಗುಡ್ಡ ಕಡಿದು ಮಾಡಬೇಕು. 2018ರಲ್ಲಿ ಕೊಡಗಿನಲ್ಲಿ, 2019ರಲ್ಲಿ ಮೂಡಿಗೆರೆಯ ಕಡೆಯಲ್ಲಿ ಗುಡ್ಡಗಳು ಜಾರಿದ್ದನ್ನು ಕಂಡ ಮೇಲೂ ಇಳಿಜಾರಿಗೆ ಯಂತ್ರ ಹಚ್ಚಿ ದರೆ ಕಡಿಸುವವರಿಗೆ ನಾವೇನು ಹೇಳೋಣ? ಈ ಗಾಡಿಯ ಅಗಲ ನಾಲ್ಕು ಅಡಿಯ ಆಸುಪಾಸು. ಹಳೆಯ ಕಾಲುದಾರಿಯನ್ನೇ ಸ್ವಲ್ಪ ಹಸನು ಮಾಡಿದರೆ ನಡೆಯುತ್ತದೆ. ಅದೇ ಇದರ ದೊಡ್ಡ ಗುಣ.

ಇನ್ನು ಪೆಟ್ರೋಲೋ ಬ್ಯಾಟರಿಯೋ ಎಂಬ ಮಾತು.

ಮಾರುವವರು ಕೊಡುವ ಕಾಗದದಲ್ಲಿ ಬ್ಯಾಟರಿ ಗಾಡಿ ಒಂದು ಚಾರ್ಜಿಗೆ ನಲವತ್ತು ಕಿಲೋಮೀಟರು ಓಡುತ್ತದೆ ಎಂದಿರುತ್ತದೆ. ಅದು ಸಮತಟ್ಟಾದ ಹುಲ್ಲಿನ ಮೇಲೆ, ಇಬ್ಬರು ಕುಳಿತು ಓಡಿಸಿದ ಲೆಕ್ಕ. ನಮ್ಮದು ಗುಡ್ಡ. ಸದಸ್ಯರು ತಮ್ಮ ತೋಟಕ್ಕೆ ತಾವೇ ಲೆಕ್ಕ ಹಾಕಿಕೊಳ್ಳುವುದು ಕಷ್ಟವಲ್ಲ. ಒಂದು ಟನ್ ಭಾರವನ್ನು ನೂರು ಮೀಟರು ಎತ್ತರಕ್ಕೆ ಏರಿಸಲು ಕಾಲು ಯೂನಿಟ್ಟಿಗಿಂತ ತುಸು ಹೆಚ್ಚು ವಿದ್ಯುತ್ತು ಬೇಕು. ಇದು ಪ್ರಕೃತಿಯ ನಿಯಮ, ಯಾವ ಕಂಪನಿಯೂ ಇದಕ್ಕಿಂತ ಕಡಿಮೆ ಮಾಡಲಾರದು. ಮೋಟಾರಿನಲ್ಲಿ, ಗೇರಿನಲ್ಲಿ ಆಗುವ ನಷ್ಟ ಸೇರಿಸಿ ಅರ್ಧ ಯೂನಿಟ್ಟು ಎಂದಿಟ್ಟುಕೊಳ್ಳಿ. ಗಾಡಿ, ಚಾಲಕ, ಐದು ಮೂಟೆ ಹಣ್ಣು ಎಲ್ಲ ಸೇರಿ ಒಂದು ಟನ್ನಿಗೆ ಸಮೀಪ ಬರುತ್ತದೆ. ಕೆಳಗಿನ ಬ್ಲಾಕಿನಿಂದ ಕಣಕ್ಕೆ ಅರವತ್ತು ಮೀಟರು ಏರು, ಒಂದು ಕಿಲೋಮೀಟರು ದಾರಿ, ದಿನಕ್ಕೆ ಹತ್ತು ಸಲ ಎಂದರೆ ಏರಿಗೇ ಮೂರು ಯೂನಿಟ್ಟು. ಮಣ್ಣಿನ ದಾರಿಯಲ್ಲಿ ಚಕ್ರ ಉರುಳಲು ಇನ್ನೂ ಎರಡು ಮೂರು ಯೂನಿಟ್ಟು. ಒಟ್ಟು ಐದಾರು.

ಈಗ ಗಾಡಿಯ ಬ್ಯಾಟರಿ ನೋಡೋಣ. ಸಾಮಾನ್ಯವಾಗಿ 48 ವೋಲ್ಟು, 150 ಆಂಪಿಯರ್-ಗಂಟೆ. ಗುಣಿಸಿದರೆ ಏಳು ಯೂನಿಟ್ಟು ಚಿಲ್ಲರೆ. ಸಾಕಾಯಿತಲ್ಲ ಎನಿಸುತ್ತದೆ. ಆದರೆ ಸೀಸ ಮತ್ತು ಆಮ್ಲದ ಹಳೆಯ ಮಾದರಿಯ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಪದೇ ಪದೇ ಇಳಿಸಿದರೆ ಅದರ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು. ಅಂದರೆ ಕೈಗೆ ಸಿಗುವುದು ಮೂರೂವರೆ ಯೂನಿಟ್ಟು ಮಾತ್ರ. ಕೊಯ್ಲಿನ ಭರಾಟೆಯ ದಿನ ಮಧ್ಯಾಹ್ನ ಮೂರಕ್ಕೆ ಗಾಡಿ ನಿಲ್ಲುತ್ತದೆ, ಮೂಟೆಗಳು ಗಿಡದ ಬುಡದಲ್ಲಿ ಉಳಿಯುತ್ತವೆ. ಲಿಥಿಯಂ ಬ್ಯಾಟರಿಯಾದರೆ ಏಳರಲ್ಲಿ ಆರರಷ್ಟನ್ನು ಧೈರ್ಯವಾಗಿ ಬಳಸಬಹುದು. ಭಾರವೂ ಬಹಳ ಕಡಿಮೆ. ಸೀಸದ ಸೆಟ್ಟು ನೂರೈವತ್ತು ಕಿಲೋಗೂ ಮೀರಿ ತೂಗುತ್ತದೆ. ಮೂರು ಮೂಟೆ ಕಾಫಿಯ ತೂಕವನ್ನು ದಿನವಿಡೀ ಸುಮ್ಮನೆ ಹತ್ತಿಸಿ ಇಳಿಸಿದಂತೆ. ಬೆಲೆ ಮಾತ್ರ ಲಿಥಿಯಮ್ಮಿನದು ಹೆಚ್ಚು.

ಹಣದ ಲೆಕ್ಕಕ್ಕೆ ಬರೋಣ. ಮೇಲೆ ಹೇಳಿದ ದಿನದ ಕೆಲಸಕ್ಕೆ ಚಾರ್ಜಿನ ನಷ್ಟವೂ ಸೇರಿ ಗೋಡೆಯ ಸಾಕೆಟ್ಟಿನಿಂದ ಏಳೆಂಟು ಯೂನಿಟ್ಟು ಹೋಗಬಹುದು. ಮನೆಯ ದರದಲ್ಲಿ ಐವತ್ತು ಅರವತ್ತು ರೂಪಾಯಿ. ಪೆಟ್ರೋಲು ಗಾಡಿಗೆ ಅದೇ ಇಪ್ಪತ್ತು ಕಿಲೋಮೀಟರಿಗೆ ನಮ್ಮ ಏರಿನಲ್ಲಿ ಎರಡೂವರೆ ಲೀಟರು ಹಿಡಿಯೋಣ. ಲೀಟರಿಗೆ ನೂರು ರೂಪಾಯಿ ದಾಟಿದೆ. ದಿನಕ್ಕೆ ಇನ್ನೂರು ರೂಪಾಯಿ ಉಳಿತಾಯ ಎಂದು ಬ್ಯಾಟರಿ ಪಕ್ಷದವರು ಸಭೆಯಲ್ಲಿ ಮೇಜು ಕುಟ್ಟಿದ್ದು ಈ ಲೆಕ್ಕಕ್ಕೇ. ಅದು ಸರಿ. ಆದರೆ ಗಾಡಿ ಇಷ್ಟು ದುಡಿಯುವುದು ವರ್ಷಕ್ಕೆ ಎಷ್ಟು ದಿನ? ಅಡಿಕೆ ಕೊನೆ ಇಳಿಸುವ ಕಾಲ, ಅರೇಬಿಕ ಕೊಯ್ಲು, ಅನಂತರ ರೊಬಸ್ಟ ಎಲ್ಲ ಸೇರಿಸಿದರೂ ತೊಂಬತ್ತು ದಿನ. ಹದಿನೆಂಟು ಸಾವಿರ ರೂಪಾಯಿ. ಸೀಸದ ಬ್ಯಾಟರಿ ಸೆಟ್ಟು ಚೆನ್ನಾಗಿ ನೋಡಿಕೊಂಡರೆ ಐದು ವರ್ಷ ಬಂದೀತು. ಹೊಸ ಸೆಟ್ಟಿನ ಬೆಲೆಯನ್ನು ಮಾರಾಟಗಾರನಿಂದ ಬರೆಸಿಕೊಂಡು ಐದರಿಂದ ಭಾಗಿಸಿ ನೋಡಿ. ಹದಿನೆಂಟು ಸಾವಿರಕ್ಕಿಂತ ಹೆಚ್ಚು ಬಂದರೆ ಕರೆಂಟಿನಲ್ಲಿ ಉಳಿಸಿದ್ದನ್ನು ಬ್ಯಾಟರಿಯೇ ನುಂಗಿತು. ಪೆಟ್ರೋಲು ಗಾಡಿಗೂ ಆಯಿಲು, ಏರ್ ಫಿಲ್ಟರು, ಬೆಲ್ಟು, ಪ್ಲಗ್ಗು ಎಂದು ಖರ್ಚಿದೆ, ಆದರೆ ಅದು ಒಮ್ಮೆಗೇ ಬಂದು ತಲೆಯ ಮೇಲೆ ಬೀಳುವುದಿಲ್ಲ.

ಆದ್ದರಿಂದ ಉಳಿತಾಯದ ಆಸೆಯಿಂದ ಬ್ಯಾಟರಿ ಗಾಡಿ ಕೊಳ್ಳುವವರಿಗೆ ನಾವು ಎಚ್ಚರಿಕೆ ಹೇಳುತ್ತೇವೆ. ಹಾಗಿದ್ದರೂ ನಾವು ಬ್ಯಾಟರಿಯ ಪಕ್ಷದಲ್ಲೇ ಇದ್ದೇವೆ. ಕಾರಣ ಬೇರೆ.

ಮೊದಲನೆಯದಾಗಿ, ಕಾಫಿ ಬೀಜ ವಾಸನೆ ಹೀರುವಂಥ ಪದಾರ್ಥ. ಪಾರ್ಚ್‌ಮೆಂಟಿನ ಪಕ್ಕದಲ್ಲಿ ಮೆಣಸು, ಏಲಕ್ಕಿ, ಗೊಬ್ಬರ ಇಡಬೇಡಿ ಎಂದು ಎಷ್ಟು ಸಲ ಹೇಳಿಲ್ಲ! ಪೆಟ್ರೋಲು ಗಾಡಿ ಇರುವ ಮನೆಯಲ್ಲಿ ಕ್ಯಾನು ಇರುತ್ತದೆ. ಬಂಕು ಹದಿನೈದು ಮೈಲಿ ದೂರ. ಕ್ಯಾನು ತುಂಬಿಸಿ ತಂದೇ ಇಡಬೇಕು. 1934ರ ಪೆಟ್ರೋಲಿಯಂ ಕಾಯಿದೆಯ ಪ್ರಕಾರ ಮಾರಾಟಕ್ಕಲ್ಲದೆ ಸ್ವಂತಕ್ಕೆ ಮೂವತ್ತು ಲೀಟರಿನವರೆಗೆ ಪರವಾನಗಿಯಿಲ್ಲದೆ ಇಟ್ಟುಕೊಳ್ಳಬಹುದು, ಅದು ಬೇರೆ ಮಾತು. ಆ ಕ್ಯಾನನ್ನು ಇಡುವುದು ಎಲ್ಲಿ? ಗೋದಾಮಿನ ಮೂಲೆಯಲ್ಲಿ. ಸಾಗಿಸುವುದು ಯಾವುದರಲ್ಲಿ? ಅದೇ ಗಾಡಿಯ ತೊಟ್ಟಿಯಲ್ಲಿ, ಹಣ್ಣಿನ ಮೂಟೆಯ ಜೊತೆಗೆ. ರುಚಿ ನೋಡುವವನು ಒಂದು ಬಟ್ಟಲಿನಲ್ಲಿ ಪೆಟ್ರೋಲಿನ ಕಂಪನ್ನು ಹಿಡಿದನೆಂದರೆ ಇಡೀ ಲಾಟಿನ ಬೆಲೆ ಹೋಯಿತು. ದಿನಕ್ಕೆ ಇನ್ನೂರು ರೂಪಾಯಿಯ ಲೆಕ್ಕ ಇದರ ಮುಂದೆ ಏನೂ ಅಲ್ಲ.

ಎರಡನೆಯದು ನಮ್ಮ ಮಳೆಗಾಲ. ಪೆಟ್ರೋಲಿನವರು ಇದನ್ನೇ ತಮ್ಮ ವಾದಕ್ಕೆ ಆಧಾರ ಮಾಡಿಕೊಳ್ಳುತ್ತಾರೆ: ಜೂನಿನಲ್ಲಿ ಮರ ಬಿದ್ದು ತಂತಿ ಹರಿದರೆ ವಾರಗಟ್ಟಲೆ ಕರೆಂಟಿಲ್ಲ, ಕೊಳೆ ಔಷಧಿಯ ಡ್ರಮ್ಮು ಸಾಗಿಸಬೇಕಾದ ಹೊತ್ತಿಗೇ ಗಾಡಿ ಮಲಗುತ್ತದೆ, ಎಂದು. ಇದನ್ನು ಅಲ್ಲಗಳೆಯುವುದು ಸಾಧ್ಯವಿಲ್ಲ. ಆದರೆ ಇಂದು ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಇರುತ್ತದೆ ಎಂಬುದನ್ನು ಅವರು ಮರೆಯುತ್ತಾರೆ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನಮ್ಮ ಸೀಮೆಯ ಥಂಡಿಯಲ್ಲಿ ಎರಡು ಮೂರು ತಿಂಗಳು ಟ್ಯಾಂಕಿನಲ್ಲಿ ಬಿಟ್ಟರೆ ನೀರು ತಳಕ್ಕಿಳಿದು ಕಾರ್ಬುರೇಟರು ಕಟ್ಟಿಕೊಳ್ಳುತ್ತದೆ. ಕಳೆ ಕೊಚ್ಚುವ ಯಂತ್ರವನ್ನು ಮಳೆಗಾಲ ಕಳೆದು ಹೊರತೆಗೆದು ಹಗ್ಗ ಎಳೆದೆಳೆದು ತೋಳು ನೋಯಿಸಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪೆಟ್ರೋಲು ಗಾಡಿ ಇಟ್ಟವರು ಬಳಕೆಯಿಲ್ಲದ ತಿಂಗಳುಗಳಲ್ಲಿ ಟ್ಯಾಂಕು, ಕಾರ್ಬುರೇಟರು ಎರಡನ್ನೂ ಬರಿದು ಮಾಡಿ ಇಡಬೇಕು. ಇನ್ನೊಂದು ಮಾತು, ಇಂಥ ಗಾಡಿಗಳಲ್ಲಿ ಎಂಜಿನ್ನಿನಿಂದ ಚಕ್ರಕ್ಕೆ ಶಕ್ತಿ ಹೋಗುವುದು ರಬ್ಬರ್ ಬೆಲ್ಟಿನ ಮೂಲಕ. ಬೆಲ್ಟು ಒದ್ದೆಯಾದರೆ ಜಾರುತ್ತದೆ. ಏರಿನ ನಡುವೆ ಜಾರಿದರೆ ಏನಾಗುವುದೆಂದು ಊಹಿಸಬಹುದು.

ಕರೆಂಟು ಹೋದಾಗಿನ ಉಪಾಯ ಅಷ್ಟು ಕಷ್ಟದ್ದೇನಲ್ಲ. ಚಾರ್ಜರಿಗೆ ಬೇಕಾಗುವುದು ಒಂದು, ಒಂದೂವರೆ ಕಿಲೋವ್ಯಾಟು. ಮೂರು ಫೇಸು ಬೇಕಿಲ್ಲ, ಮನೆಯ ಹದಿನೈದು ಆಂಪಿಯರ್ ಸಾಕೆಟ್ಟು ಸಾಕು. ಪಲ್ಪರಿಗೆಂದು ಜನರೇಟರು ಇಟ್ಟವರು ಅದರಿಂದಲೇ ಚಾರ್ಜು ಮಾಡಬಹುದು. ಜನರೇಟರೂ ಇಲ್ಲದ, ಮಳೆಯಲ್ಲಿ ಊರಿನ ಸಂಪರ್ಕವೇ ತಪ್ಪುವ ಒಳಗಿನ ಅಡಿಕೆ ತೋಟದವರಿಗೆ ಮಾತ್ರ ನಾವು ಪೆಟ್ರೋಲೇ ಸರಿ ಎನ್ನುತ್ತೇವೆ. ಅಂಥವರು ನಮ್ಮ ಸದಸ್ಯರಲ್ಲಿ ಕಡಿಮೆಯೇನಿಲ್ಲ. ಅವರಿಗೂ ಬ್ಯಾಟರಿಯನ್ನೇ ಹೊರಿಸುವ ಮನಸ್ಸು ಮಂಡಳಿಯಲ್ಲಿ ಕೆಲವರಿಗಿದ್ದಂತೆ ಕಂಡಿತು. ಅದನ್ನು ನಾವು ಒಪ್ಪುವುದಿಲ್ಲ. ಪಂಪ್‌ಸೆಟ್ಟಿನ ಸಂಪರ್ಕದಿಂದ ಚಾರ್ಜು ಮಾಡಬಹುದಲ್ಲ ಎಂದು ಕೇಳಿದವರಿಗೂ ಇಲ್ಲಿಯೇ ಉತ್ತರ: ಅದು ನೀರೆತ್ತಲು ಕೊಟ್ಟ ಸಂಪರ್ಕ, ಅದಕ್ಕೆ ಗಾಡಿ ಸಿಕ್ಕಿಸುವುದು ಸರಿಯಲ್ಲ.

ಮೂರನೆಯದು ಇಳಿಜಾರು. ಏರುವುದಕ್ಕಿಂತ ಇಳಿಯುವುದು ಅಪಾಯ. ಅನೇಕ ಗಾಲ್ಫ್ ಗಾಡಿಗಳಿಗೆ ಬ್ರೇಕು ಇರುವುದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಮೈದಾನಕ್ಕೆ ಅದು ಸಾಕು. ಕೆಸರಿನ ಇಳಿಜಾರಿನಲ್ಲಿ ಔಷಧಿಯ ಡ್ರಮ್ಮು ಹೇರಿಕೊಂಡು ಬರುವಾಗ ಸಾಲದು. ಈಗಿನ ಒಳ್ಳೆಯ ಬ್ಯಾಟರಿ ಗಾಡಿಗಳಲ್ಲಿ ಕಾಲು ತೆಗೆದೊಡನೆ ಮೋಟಾರೇ ಗಾಡಿಯನ್ನು ಹಿಡಿದು ವೇಗ ತಗ್ಗಿಸುತ್ತದೆ, ಆ ಶಕ್ತಿಯ ಸ್ವಲ್ಪ ಭಾಗ ಬ್ಯಾಟರಿಗೆ ಮರಳುತ್ತದೆ. ಮರಳುವ ಕರೆಂಟು ಅಲ್ಪ, ಹಿಡಿತ ಮುಖ್ಯ. ಯಾವ ಗಾಡಿಯೇ ಆಗಲಿ, ನಾಲ್ಕು ಚಕ್ರಕ್ಕೂ ಬ್ರೇಕು ಇರುವುದನ್ನೇ ಕೇಳಿ. ಹುಲ್ಲಿಗೆಂದು ಮಾಡಿದ ನುಣುಪು ಟೈರು ತೆಗೆಸಿ ಹಲ್ಲಿನ ಟೈರು ಹಾಕಿಸಿ. ಇನ್ನೂರು ಲೀಟರಿನ ಡ್ರಮ್ಮನ್ನು ಅರ್ಧ ತುಂಬಿ ಒಯ್ಯುವುದು ಪೂರ್ತಿ ತುಂಬಿದ್ದಕ್ಕಿಂತ ಒಂದು ರೀತಿಯಲ್ಲಿ ಕೆಟ್ಟದ್ದು, ನೀರು ತುಳುಕಿ ಗಾಡಿಯನ್ನು ವಾಲಿಸುತ್ತದೆ. ಸಣ್ಣ ಕ್ಯಾನುಗಳಲ್ಲಿ ಒಯ್ಯಿರಿ.

ಸದ್ದಿನ ವಿಷಯದಲ್ಲಿ ಮಾತ್ರ ನಮಗೆ ಪೂರ್ತಿ ಸಮಾಧಾನವಿಲ್ಲ. ಬ್ಯಾಟರಿ ಗಾಡಿ ಸದ್ದು ಮಾಡುವುದಿಲ್ಲ ಎಂದು ಹೊಗಳುತ್ತಾರೆ. ಪ್ರವಾಸಿಗಳಿಗೆ ಅದು ಹಿತವಿರಬಹುದು. ಆನೆ, ಕಾಟಿ ಓಡಾಡುವ ತೋಟದಲ್ಲಿ ಮುಂಜಾನೆಯ ಮಂಜಿನಲ್ಲಿ ಸದ್ದಿಲ್ಲದೆ ತಿರುವು ದಾಟಿ ಆನೆಯ ಎದುರಿಗೆ ಹೋಗಿ ನಿಲ್ಲುವುದು ಹಿತವಲ್ಲ. ಎಂಜಿನ್ನಿನ ಸದ್ದಿಗೆ ಪ್ರಾಣಿಯೂ ಎಚ್ಚರಗೊಳ್ಳುತ್ತದೆ, ಬಗ್ಗಿ ಹಣ್ಣು ಕುಯ್ಯುತ್ತಿರುವ ಹೆಂಗಸರೂ ಪಕ್ಕಕ್ಕೆ ಸರಿಯುತ್ತಾರೆ. ಬ್ಯಾಟರಿ ಗಾಡಿಗೆ ಎತ್ತಿನ ಕೊರಳಿನ ಗೆಜ್ಜೆಯನ್ನೇ ಕಟ್ಟಿ ಎಂದು ಹಿರಿಯ ಸದಸ್ಯರೊಬ್ಬರು ಹೇಳಿದಾಗ ಎಲ್ಲರೂ ನಕ್ಕರು. ನಮಗೆ ಅದು ಒಳ್ಳೆಯ ಸಲಹೆಯಾಗಿಯೇ ಕಂಡಿತು.

ಕಾನೂನಿನ ಒಂದು ಅಂಶವನ್ನು ಸದಸ್ಯರು ಗಮನಿಸಲೇಬೇಕು, ಏಕೆಂದರೆ ಇಲ್ಲಿ ಹಣ ಹೋಗುವುದಷ್ಟೇ ಅಲ್ಲ, ಜೀವಕ್ಕೆ ಪರಿಹಾರ ಕೊಡಬೇಕಾದ ಸಂದರ್ಭವೂ ಬರಬಹುದು. 1988ರ ಮೋಟಾರು ವಾಹನ ಕಾಯಿದೆ ಕಾರ್ಖಾನೆಯಂಥ ಆವರಣದೊಳಗೆ ಮಾತ್ರ ಬಳಸಲು ಮಾಡಿದ ವಿಶೇಷ ವಾಹನವನ್ನು ಮೋಟಾರು ವಾಹನದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ನೋಂದಣಿಯಿಲ್ಲದ ಈ ಗಾಡಿಗಳು ತೋಟದ ಬೇಲಿಯೊಳಗೆ ಓಡುವುದು ಆ ಆಧಾರದ ಮೇಲೆ. ಆದರೆ ನಮ್ಮಲ್ಲಿ ಎಷ್ಟು ತೋಟಗಳು ಒಂದೇ ಬೇಲಿಯೊಳಗಿವೆ? ಮೇಲಿನ ತೋಟಕ್ಕೂ ಕೆಳಗಿನ ಗದ್ದೆಗೂ ನಡುವೆ ಪಂಚಾಯಿತಿ ರಸ್ತೆ ಹಾದಿರುತ್ತದೆ. ಆ ರಸ್ತೆಗೆ ಚಕ್ರ ಇಟ್ಟ ಕ್ಷಣ ಅದು ನೋಂದಣಿಯಿಲ್ಲದ, ವಿಮೆಯಿಲ್ಲದ ವಾಹನ. ಎದುರಿನಿಂದ ಬಂದ ಬೈಕಿನ ಹುಡುಗನಿಗೆ ತಾಗಿದರೆ ತೋಟ ಮಾರಿದರೂ ಸಾಲದು. ರಸ್ತೆ ದಾಟುವ ಅಗತ್ಯವಿರುವವರು ನೋಂದಣಿಯಾದ ವಾಹನವನ್ನೇ ಕೊಳ್ಳಬೇಕು. ಬ್ಯಾಟರಿಯ ಮೂರು ಚಕ್ರದ ಗಾಡಿಗಳಿಗೆ 2015ರ ತಿದ್ದುಪಡಿಯಿಂದ ಕಾಯಿದೆಯಲ್ಲಿ ಸ್ಥಾನ ದೊರೆತಿದೆ, ಆದರೆ ಮೂರು ಚಕ್ರದ್ದನ್ನು ನಮ್ಮ ಓರೆ ದಾರಿಗೆ ನಾವು ಹೇಳಲಾರೆವು.

ಸಂಘವೇ ಎರಡು ಗಾಡಿ ಕೊಂಡು ಬಾಡಿಗೆಗೆ ಕೊಡಲಿ ಎಂಬ ಸಲಹೆಯೂ ಬಂದಿದೆ. ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಟಿಲ್ಲರು ಸಿಗುವಂತೆ ಇದೂ ಸಿಗಲಿ ಎಂಬುದು ಅವರ ಮಾತು. ಸದುದ್ದೇಶವೇ. ಆದರೆ ರಸ್ತೆಯಲ್ಲಿ ಓಡಿಸಲಾಗದ ಗಾಡಿಯನ್ನು ಪ್ರತಿ ತೋಟಕ್ಕೂ ಪಿಕಪ್ಪಿನಲ್ಲಿ ಹೇರಿ ಕಳಿಸಬೇಕು. ಅದಕ್ಕಿಂತ ಹೆಚ್ಚಾಗಿ, ಡಿಸೆಂಬರಿನಲ್ಲಿ ಎಲ್ಲರಿಗೂ ಒಂದೇ ದಿನ ಬೇಕು, ಆಗಸ್ಟಿನಲ್ಲಿ ಯಾರಿಗೂ ಬೇಡ. ಯಾರಿಗೆ ಮೊದಲು ಎಂಬ ಜಗಳವನ್ನು ಕಾರ್ಯದರ್ಶಿಯ ಮೇಜಿನ ಮೇಲೆ ತಂದು ಹಾಕುವುದಷ್ಟೇ ಅದರ ಫಲ. ಸಂಘ ಮಾಡಬೇಕಾದದ್ದು ಬೇರೆಯಿದೆ. ಸದಸ್ಯರು ಬಿಡಿಬಿಡಿಯಾಗಿ ಹೋದರೆ ಮಾರಾಟಗಾರ ಕೇಳಿದ್ದೇ ಬೆಲೆ, ಹೇಳಿದ್ದೇ ಗ್ಯಾರಂಟಿ. ಹತ್ತು ಜನ ಒಟ್ಟಾಗಿ ಸಂಘದ ಮೂಲಕ ಹೋದರೆ ಬ್ಯಾಟರಿಯ ಗ್ಯಾರಂಟಿಯನ್ನು ವರ್ಷದ ಲೆಕ್ಕದಲ್ಲಿ ಬರೆಸಿಕೊಳ್ಳಬಹುದು. ಕೆಟ್ಟಾಗ ಮಂಗಳೂರಿಗೋ ಬೆಂಗಳೂರಿಗೋ ಕಳಿಸದೆ ಇಲ್ಲಿಯೇ ಬಂದು ರಿಪೇರಿ ಮಾಡುವ ಷರತ್ತು ಹಾಕಬಹುದು. ನಮ್ಮೂರಿನ ಒಬ್ಬಿಬ್ಬರು ಹುಡುಗರನ್ನು ಈ ಕೆಲಸಕ್ಕೆ ತರಬೇತಿಗೆ ಕಳಿಸುವ ಖರ್ಚನ್ನು ಸಂಘ ಹೊತ್ತರೂ ತಪ್ಪಿಲ್ಲ. ರಿಪೇರಿ ಮಾಡುವವನಿಲ್ಲದ ಯಂತ್ರಕ್ಕೆ ಸಾಲ ಕೊಡುವುದನ್ನು ನಾವು ವಿರೋಧಿಸುತ್ತೇವೆ, ಅದು ಪೆಟ್ರೋಲಿನದಾದರೂ ಸರಿಯೇ.

ಸೀಸದ ಬ್ಯಾಟರಿಯ ಗಾಡಿಯನ್ನು ಈಗಾಗಲೇ ಕೊಂಡಿರುವವರಿಗೆ ಎರಡು ಮಾತು. ಚಾರ್ಜಾಗುವಾಗ ಅದರಿಂದ ಹೈಡ್ರೋಜನ್ ಹೊರಡುತ್ತದೆ, ಕಿಡಿ ತಾಗಿದರೆ ಸಿಡಿಯುವ ಅನಿಲ. ಗೋಣಿಚೀಲ ಪೇರಿಸಿದ ಗೋದಾಮಿನಲ್ಲಿ, ಅಡಿಕೆ ಬೇಯಿಸುವ ಒಲೆಯ ಪಕ್ಕದಲ್ಲಿ ಚಾರ್ಜು ಮಾಡಬೇಡಿ. ಗಾಳಿಯಾಡುವ ಕೊಟ್ಟಿಗೆಯ ಕಡೆ ನಿಲ್ಲಿಸಿ. ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಡಿಸ್ಟಿಲ್ಡ್ ನೀರು ಹಾಕಿ, ಬಾವಿಯ ನೀರಲ್ಲ. ಮಳೆಗಾಲದಲ್ಲಿ ಬಳಸದಿದ್ದರೂ ತಿಂಗಳಿಗೊಮ್ಮೆ ಪೂರ್ತಿ ಚಾರ್ಜು ಮಾಡಿ. ಖಾಲಿ ನಿಂತ ಸೀಸದ ಬ್ಯಾಟರಿಯ ಫಲಕದ ಮೇಲೆ ಗಟ್ಟಿ ಪದರ ಕಟ್ಟಿ ಅದು ಮತ್ತೆ ಏಳುವುದಿಲ್ಲ. ಲಿಥಿಯಮ್ಮಿಗೆ ಈ ಉಪಚಾರ ಬೇಕಿಲ್ಲ, ಅರ್ಧ ಚಾರ್ಜಿನಲ್ಲಿ ಬಿಟ್ಟರೂ ಕೆಲವು ತಿಂಗಳು ಸುಮ್ಮನಿರುತ್ತದೆ. ವರ್ಷದಲ್ಲಿ ಮೂರು ತಿಂಗಳು ದುಡಿದು ಉಳಿದದ್ದು ಮಲಗುವ ನಮ್ಮಂಥ ಕಸುಬಿಗೆ ಹೆಚ್ಚು ಬೆಲೆ ಕೊಟ್ಟಾದರೂ ಅದನ್ನೇ ಕೊಳ್ಳುವುದು ಮೇಲೆಂದು ನಾವು ಭಾವಿಸುತ್ತೇವೆ.

ಗಾಡಿ ಬೇಕೆನ್ನುವ ಸದಸ್ಯರು ತಮ್ಮ ತೋಟದ ಒಳದಾರಿಯ ಉದ್ದ, ಕೆಳಗಿನ ಬ್ಲಾಕಿನಿಂದ ಕಣಕ್ಕಿರುವ ಏರು, ನಡುವೆ ಸಾರ್ವಜನಿಕ ರಸ್ತೆ ಇದೆಯೇ, ಮಳೆಗಾಲದಲ್ಲಿ ಕರೆಂಟಿನ ಸ್ಥಿತಿ ಹೇಗೆ ಎಂಬ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದು ಮಹಾಸಭೆಗೆ ಮುಂಚೆ ಕಚೇರಿಗೆ ತಲುಪಿಸಬೇಕಾಗಿ ಕೋರುತ್ತೇವೆ. ಪೆಟ್ರೋಲಿನ ಪಕ್ಷದವರ ಉತ್ತರವನ್ನು ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ. ಎರಡು ಪುಟ ಮೀರದಿದ್ದರೆ ಒಳ್ಳೆಯದು.